ಮಾರಿ ಬಂದಾಗ ಕೂಲಿಯವನಿಗೆ ಯಾರು ದಿಕ್ಕು?

1897ರ ಮೊದಲ ತಿಂಗಳುಗಳಲ್ಲಿ ಮುಂಬಯಿಯ ಗಿರಣಿ ಕೇರಿಗಳ ಬೀದಿ ಮೂಲೆಗಳಲ್ಲಿ ಒಂದು ವಿಚಿತ್ರ ಹರಾಜು ನಡೆಯುತ್ತಿತ್ತು. ಹರಾಜಿಗೆ ಬಂದಿದ್ದ ಸರಕು ಕೂಲಿಕಾರರ ಒಂದು ದಿನದ ದುಡಿಮೆ. ಗಿರಣಿಗಳ ಕಡೆಯವರು ಒಬ್ಬರ ಮೇಲೊಬ್ಬರು ಕೂಲಿ ಏರಿಸುತ್ತಾ ಆಳುಗಳನ್ನು ಕರೆಯುತ್ತಿದ್ದರು. ಯಾರು ಹೆಚ್ಚು ಕೊಡುತ್ತಾರೋ, ಅದನ್ನು ಅಂದಂದೇ ಸಂಜೆ ಕೈಗೆ ಕೊಡುತ್ತಾರೋ, ಆಳು ಅವರ ಹಿಂದೆ ಹೋಗುತ್ತಿದ್ದ. ಕೆಲವೇ ತಿಂಗಳ ಹಿಂದೆ ಇದೇ ಗಿರಣಿಗಳು ತಿಂಗಳ ಸಂಬಳವನ್ನು ಮುಂದಿನ ತಿಂಗಳ ಮಧ್ಯದವರೆಗೂ ಸತಾಯಿಸಿ ಕೊಡುತ್ತಿದ್ದವು. ಕೆಲಸ ಬಿಟ್ಟು ಹೋದವನ ಬಾಕಿ ಮುಳುಗಿತೆಂದೇ ಲೆಕ್ಕ.

ಸಾಂಕ್ರಾಮಿಕ ರೋಗ ಬಂದಾಗ ಕೂಲಿಯವನು ಕೆಲಸ ಕಳೆದುಕೊಂಡು ಬೀದಿಗೆ ಬೀಳುತ್ತಾನೆ ಎಂಬುದು ನಮಗೆಲ್ಲ ಗೊತ್ತಿರುವ ಮಾತು. 2020ರಲ್ಲಿ ಅದನ್ನು ಕಣ್ಣಾರೆ ಕಂಡಿದ್ದೇವೆ. ಹಾಗಿದ್ದ ಮೇಲೆ 1897ರ ಮುಂಬಯಿಯಲ್ಲಿ ಬದುಕಿ ಉಳಿದ ಕೂಲಿಯವನ ಬೆಲೆ ಏರಿದ್ದು ಹೇಗೆ? ಕೆಲಸವಿಲ್ಲದ ದಿನಗಳಲ್ಲಿ ಅವನಿಗೆ ಅನ್ನ ಹಾಕಿದವರು ಯಾರು? ಆ ಅನ್ನದ ಋಣವನ್ನು ಅವನು ಹೇಗೆ ತೀರಿಸಿದ? ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ, ಸರ್ಕಾರಿ ದಾಖಲೆಗಳಲ್ಲಿ ಅಷ್ಟಾಗಿ ಕಾಣದ ಒಂದು ಚರಿತ್ರೆ ನಮ್ಮೆದುರು ತೆರೆದುಕೊಳ್ಳುತ್ತದೆ.

ಕೆಲಸ ಹೋದ ಬಗೆ

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ವೈದ್ಯ ಅಕಾಸಿಯೊ ವಿಯೆಗಸ್ ಅವರು ಗೆಡ್ಡೆ ಕಟ್ಟುವ ಒಂದು ಜ್ವರವನ್ನು ಪ್ಲೇಗು ಎಂದು ಗುರುತಿಸಿದರು. ಮಾಂಡವಿ ಬಂದರಿನ ಪಕ್ಕದ ಧಾನ್ಯದ ಗೋದಾಮುಗಳ ಕೇರಿ. ಧಾನ್ಯವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಚಿಗಟ. ರೋಗ ಹರಡುವುದು ಚಿಗಟದಿಂದ ಎಂಬುದು ಆಗ ಇನ್ನೂ ಖಚಿತವಾಗಿರಲಿಲ್ಲ. ಎಂಟು ಲಕ್ಷಕ್ಕೂ ಮಿಕ್ಕಿ ಜನರಿದ್ದ ಆ ನಗರದಿಂದ 1897ರ ಫೆಬ್ರವರಿಯ ಹೊತ್ತಿಗೆ ಸುಮಾರು ಅರ್ಧದಷ್ಟು ಜನ ಹೊರಟುಹೋಗಿದ್ದರು.

ಅಂದಿನ ಮುಂಬಯಿಯ ಹತ್ತಿ ಗಿರಣಿಗಳಲ್ಲಿ 70 ಸಾವಿರಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದರು. ಇವರ ಕೆಲಸ ಹೋದದ್ದು ಒಂದೇ ಬಗೆಯಲ್ಲಲ್ಲ. ಜೀವಭಯದಿಂದ ತಾವಾಗಿಯೇ ಗಿರಣಿ ಬಿಟ್ಟವರು ಬಹಳ ಮಂದಿ. ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ರೋಗಿಯನ್ನು ಆಸ್ಪತ್ರೆಗೆ, ಉಳಿದವರನ್ನು ಪ್ರತ್ಯೇಕ ಶಿಬಿರಕ್ಕೆ ಒಯ್ಯುತ್ತಿದ್ದುದರಿಂದ ಗಟ್ಟಿಮುಟ್ಟಾಗಿದ್ದವರೂ ಕೂಲಿ ಕಳೆದುಕೊಂಡರು. ಅವರು ಹಿಂದಿರುಗುವ ಹೊತ್ತಿಗೆ ಹಾಸಿಗೆ ಬಟ್ಟೆ ಸುಟ್ಟು ಬೂದಿಯಾಗಿರುತ್ತಿತ್ತು. ಗಾಳಿ ಬಿಸಿಲು ಬರಲೆಂದು ಹಂಚು ಕಿತ್ತಿರುತ್ತಿದ್ದರು. ಗೋಡೆಯ ಮೇಲೆ ಮನುಷ್ಯವಾಸಕ್ಕೆ ಯೋಗ್ಯವಲ್ಲ ಎಂದು ಸೂಚಿಸುವ 'ಯು.ಎಚ್.ಎಚ್.' ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಬರೆದಿರುವುದೂ ಉಂಟು. ಪರದೇಶದ ಬಂದರುಗಳು ಮುಂಬಯಿಯ ಹಡಗುಗಳಿಗೆ ಅಡ್ಡಿ ಹಾಕಿದ್ದರಿಂದ ದಿನಗೂಲಿಯ ಹಮಾಲರಿಗೆ ಹೊರೆಯಿಲ್ಲದಾಯಿತು. ಸಿರಿವಂತರು ಊರು ಬಿಟ್ಟದ್ದರಿಂದ ಅವರ ಮನೆಯ ಆಳುಕಾಳುಗಳಿಗೆ ಕೆಲಸವಿಲ್ಲದಾಯಿತು. ರೋಗ ತಟ್ಟಿದವರಿಗಿಂತ ರೋಗದ ನೆರಳು ತಟ್ಟಿದವರ ಸಂಖ್ಯೆ ಎಷ್ಟೋ ಪಾಲು ದೊಡ್ಡದಾಗಿತ್ತು.

ಎರಡು ಕಾನೂನುಗಳು

ಇಂಥ ಸಮಯದಲ್ಲಿ ಸರ್ಕಾರ ಏನು ಮಾಡಿತು ಎಂದು ನೋಡುವಾಗ, ಒಂದೇ ವರ್ಷದಲ್ಲಿ ಅಕ್ಕಪಕ್ಕ ಜಾರಿಯಲ್ಲಿದ್ದ ಎರಡು ಕಾನೂನುಗಳನ್ನು ಹೋಲಿಸುವುದು ಉಪಯುಕ್ತ.

1896–97ರಲ್ಲಿ ಮುಂಬಯಿ ಪ್ರಾಂತದ ಒಳನಾಡಿನಲ್ಲಿ, ನಮ್ಮ ವಿಜಾಪುರವೂ ಸೇರಿದಂತೆ, ಬರಗಾಲವಿತ್ತು. ಬರಕ್ಕೆ ಒಂದು ಸಂಹಿತೆ ಇತ್ತು. 1880ರ ಕ್ಷಾಮ ಆಯೋಗದ ಶಿಫಾರಸಿನಿಂದ ಹುಟ್ಟಿದ ಆ ಸಂಹಿತೆಯ ಪ್ರಕಾರ, ಬೆಳೆ ಹೋಗಿ ಕೂಲಿ ಸಿಗದವರಿಗೆ ಸರ್ಕಾರ ಕಾಮಗಾರಿ ತೆರೆಯಬೇಕು. ಕೆರೆ ಅಗೆಯುವುದು, ರಸ್ತೆಗೆ ಜಲ್ಲಿ ಒಡೆಯುವುದು ಇತ್ಯಾದಿ. ಕೂಲಿಯನ್ನು ಧಾನ್ಯದ ಧಾರಣೆಗೆ ತಕ್ಕಂತೆ ಏರಿಳಿಸಬೇಕು. ದುಡಿಯಲಾಗದವರಿಗೆ ಧರ್ಮಾರ್ಥ ನೆರವು ಕೊಡಬೇಕು. ಸೋಲಾಪುರದಂಥ ಕಡೆಗಳಲ್ಲಿ ನೇಕಾರರಿಗೆ ಅವರ ಕಸುಬಿನಲ್ಲಿಯೇ ಕೆಲಸ ಕೊಡುವ ಯತ್ನವೂ ನಡೆದಿತ್ತು. ಕೂಲಿ ಅರೆಹೊಟ್ಟೆಯದು, ಜಾರಿ ನಿರ್ದಯವಾದದ್ದು ಎಂಬ ಟೀಕೆ ಬೇಕಾದಷ್ಟಿದೆ. ಆದರೂ ಕೆಲಸ ಕಳೆದುಕೊಂಡವನ ಹೊಟ್ಟೆಯ ಪಾಡಿಗೆ ಸರ್ಕಾರವೂ ಹೊಣೆ ಎಂಬ ಒಪ್ಪಿಗೆ ಅದರಲ್ಲಿತ್ತು.

ಇನ್ನೊಂದು, 1897ರ ಫೆಬ್ರವರಿ 4ರಂದು ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆ. ನಾಲ್ಕೇ ಕಲಮುಗಳ ಪುಟ್ಟ ಕಾನೂನು. ರೈಲಿನಲ್ಲಿ ಹೋಗುವವರನ್ನು ತಪಾಸಣೆ ಮಾಡಲು, ಶಂಕೆ ಬಂದವರನ್ನು ಬೇರೆಯಾಗಿಡಲು, ಬೇಕೆನಿಸಿದ ನಿಯಮ ಮಾಡಲು ಅದು ಅಧಿಕಾರ ಕೊಟ್ಟಿತು. ಆಜ್ಞೆ ಮೀರಿದವರಿಗೆ ಶಿಕ್ಷೆ, ಸದುದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಗಳಿಗೆ ರಕ್ಷಣೆ. ಕೆಲಸ ಹೋದವನ ಕೂಲಿಯ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಖರ್ಚುವೆಚ್ಚವನ್ನು ಯಾರು ಭರಿಸಬೇಕೆಂದು ನಿರ್ಧರಿಸುವ ಅಧಿಕಾರದ ಮಾತು ಬಂದಾಗ, ಕಂಸದೊಳಗೆ 'ಪರಿಹಾರ, ಅಂಥದು ಏನಾದರೂ ಇದ್ದರೆ' ಎಂಬ ಅರ್ಥದ ಒಂದು ತುಣುಕು ಮಾತ್ರ ಬರುತ್ತದೆ. ಬರದಲ್ಲಿ ಕೆಲಸ ಹೋದವನಿಗೆ ಸಂಹಿತೆಯೊಂದಿತ್ತು. ರೋಗದಲ್ಲಿ ಕೆಲಸ ಹೋದವನಿಗೆ ಕಂಸದೊಳಗಿನ ಈ 'ಇದ್ದರೆ'ಯಷ್ಟೇ ಇತ್ತು. ಆ ತೆರವನ್ನು ತುಂಬಿದ್ದು ಕೂಲಿಯವರ ಕೈಯಳತೆಯಲ್ಲಿದ್ದ ಬೇರೆ ಆಸರೆಗಳು.

ಮೊದಲ ಆಸರೆ: ಊರಿನ ದಾರಿ

ಇವುಗಳಲ್ಲಿ ಮುಖ್ಯವಾದದ್ದು ಊರು. ಮುಂಬಯಿಯ ಗಿರಣಿ ಕೆಲಸಗಾರರಲ್ಲಿ ದೊಡ್ಡ ಪಾಲು ಕೊಂಕಣದ ರತ್ನಾಗಿರಿ ಸೀಮೆಯವರು. ಮಿಕ್ಕವರಲ್ಲಿ ಹಲವರು ಸಾತಾರಾ, ಪುಣೆ, ಅಹಮದ್‌ನಗರದ ಕಡೆಯವರು. ಗಂಡಸು ಗಿರಣಿಯಲ್ಲಿ ದುಡಿದರೂ ಹೆಂಡತಿ ಮಕ್ಕಳು ಬಹಳಷ್ಟು ಮಟ್ಟಿಗೆ ಊರಿನಲ್ಲೇ ಇರುತ್ತಿದ್ದರು. ಒಂದು ತುಂಡು ಹೊಲ, ಅದರಲ್ಲಿ ಭತ್ತವೋ ರಾಗಿಯೋ, ಅದನ್ನು ನೋಡಿಕೊಳ್ಳುವ ಅಣ್ಣನೋ ತಮ್ಮನೋ. ಈ ಹಳ್ಳಿಯ ನಂಟನ್ನು ಗಿರಣಿ ಮಾಲಿಕರು ಯಾವಾಗಲೂ ದೂರುತ್ತಿದ್ದರು. ಹಿಂದೂಸ್ಥಾನದ ಕಾರ್ಮಿಕನಿಗೆ ಯಂತ್ರದ ಶಿಸ್ತು ಹಿಡಿಸದು, ಬಿತ್ತನೆ ಬಂತು, ಜಾತ್ರೆ ಬಂತು ಎಂದು ಊರಿಗೆ ಓಡುತ್ತಾನೆ ಎಂಬುದು ಅವರ ಗೋಳು.

ಕೂಲಿಯವನ ಕಡೆಯಿಂದ ನೋಡಿದರೆ ಚಿತ್ರ ಬೇರೆಯಾಗುತ್ತದೆ. ವಿಮೆಯಿಲ್ಲ, ರಜಾ ಸಂಬಳವಿಲ್ಲ, ಮುಪ್ಪಿಗೆ ಪಿಂಚಣಿಯಿಲ್ಲ. ಅಂಥವನಿಗೆ ಊರಿನ ಆ ತುಂಡು ಹೊಲವೇ ವಿಮೆ. ತಿಂಗಳು ತಿಂಗಳು ಅವನು ಕಳುಹಿಸುತ್ತಿದ್ದ ಮನಿಯಾರ್ಡರು ಆ ವಿಮೆಯ ಕಂತು. ಪ್ಲೇಗು ಬಂದಾಗ ಅವನು ಆಗಬೋಟು ಹತ್ತಿ ಕೊಂಕಣದ ದಂಡೆಗೆ ಇಳಿದದ್ದನ್ನು ಬರಿಯ ಪಲಾಯನ ಎನ್ನಲಾಗದು. ವರ್ಷಗಟ್ಟಲೆ ಕಂತು ಕಟ್ಟಿದ್ದನ್ನು ಅವನು ಈಗ ಕೇಳಲು ಹೋಗಿದ್ದ.

ಆದರೆ ಈ ಆಸರೆ ಎಲ್ಲರಿಗೂ ಒಂದೇ ರೀತಿ ಒದಗಲಿಲ್ಲ. ಘಟ್ಟದ ಮೇಲಿನ ಬರಪೀಡಿತ ಸೀಮೆಗೆ ಹೋದವರು ಒಣಗಿದ ಹೊಲಗಳನ್ನು ಕಂಡರು. ಪ್ಲೇಗಿನಿಂದ ತಪ್ಪಿಸಿಕೊಂಡು ಬಂದವನು ಬರದ ಕಾಮಗಾರಿಯಲ್ಲಿ ಜಲ್ಲಿ ಒಡೆಯಬೇಕಾಯಿತು. ಹೊಲವೇ ಇಲ್ಲದ ದಲಿತ ಕುಟುಂಬಗಳಿಗೆ ಊರು ಎಂಬುದು ಬೇರೆಯವರ ಹೊಲದ ಕೂಲಿ, ಅಷ್ಟೆ. ಓಡಿದವರ ಜೊತೆಗೆ ರೋಗವೂ ಹೊರಟಿತ್ತು ಎಂಬುದನ್ನು ಮರೆಯುವಂತಿಲ್ಲ. ಎಷ್ಟೋ ಹಳ್ಳಿಗಳವರು ಮುಂಬಯಿಯಿಂದ ಬಂದವರನ್ನು ಶಂಕೆಯಿಂದಲೇ ನೋಡಿದರು.

ಎರಡನೆಯ ಆಸರೆ: ಚಾಳು, ಖಾನಾವಳಿ, ಉದ್ರಿ ಖಾತೆ

ಊರಿಗೆ ಹೋಗಲಾಗದವರು, ಹೋಗಲೊಪ್ಪದವರು ನಗರದಲ್ಲೇ ಉಳಿದರು. ಇವರ ಆಸರೆ ಇವರು ವಾಸವಾಗಿದ್ದ ಚಾಳುಗಳಲ್ಲಿತ್ತು. ಒಂದೇ ಕೋಣೆಯ ಮನೆಗಳು ಸಾಲಾಗಿರುವ ಈ ಕಟ್ಟಡಗಳಲ್ಲಿ ಒಂದು ಊರಿನವರು ಸೇರಿ ಒಂದು ಖೋಲಿ ಹಿಡಿಯುವುದು ರೂಢಿ. ಹಗಲು ಪಾಳಿಯವನು ಎದ್ದ ಜಾಗದಲ್ಲಿ ರಾತ್ರಿ ಪಾಳಿಯವನು ಮಲಗುವ ಏರ್ಪಾಡು ಮುಂದೆ ಪಾಳಿಗಳು ಬಂದಾಗ ಬೆಳೆಯಿತು. 'ಗಾಂವಕರಿ' ಎಂದು ಹೆಸರಾದ ಈ ಕೂಡುಮನೆಗಳಲ್ಲಿ ಬಾಡಿಗೆಯನ್ನು ಎಲ್ಲರೂ ಹಂಚಿಕೊಳ್ಳುತ್ತಿದ್ದರು. ಒಬ್ಬನಿಗೆ ಕೆಲಸ ಹೋದರೆ ಅವನ ಪಾಲು ಉಳಿದವರ ಮೇಲೆ ಬೀಳುತ್ತಿತ್ತು. ಊರಿಗೆ ಹೋದವನಿಗೆ ಮರಳಿ ಬಂದಾಗ ಚಾಪೆ ಹಾಸುವಷ್ಟು ಜಾಗ ಕಾದಿರುತ್ತಿತ್ತು. ಹೊಸ ಕೆಲಸದ ಸುದ್ದಿ ತರುತ್ತಿದ್ದವರೂ ಇವರೇ.

ಊಟಕ್ಕೆ ಖಾನಾವಳಿ. ಒಬ್ಬ ಹೆಂಗಸು, ಸಾಮಾನ್ಯವಾಗಿ ಗಂಡ ಸತ್ತವಳೋ ಗಿರಣಿ ಕೆಲಸಗಾರನ ಹೆಂಡತಿಯೋ, ತನ್ನ ಒಂದು ಕೋಣೆಯಲ್ಲಿ ಹತ್ತಿಪ್ಪತ್ತು ಮಂದಿಗೆ ಎರಡು ಹೊತ್ತು ಅಡುಗೆ ಮಾಡಿ ಬಡಿಸುವುದು. ಸಂಬಳ ಬಂದ ದಿನ ಲೆಕ್ಕ ತೀರಿಸಿಕೊಳ್ಳುವುದು. ಸಂಬಳ ಬಾರದಿದ್ದರೆ ಮುಂದಿನ ತಿಂಗಳು. ಅವಳಿಗೆ ಜೋಳ, ಬೇಳೆ, ಎಣ್ಣೆ ಕೊಡುತ್ತಿದ್ದವನು ಕಿರಾಣಿ ಅಂಗಡಿಯವನು, ಅದೂ ಉದ್ರಿ. ಅಂಗಡಿಯವನಿಗೆ ಸರಕು ಕೊಡುತ್ತಿದ್ದವನು ಮಾಂಡವಿಯ ಸಗಟು ವ್ಯಾಪಾರಿ. ಕೆಲಸವಿಲ್ಲದ ಕೂಲಿಯವನ ತಟ್ಟೆಯ ರೊಟ್ಟಿಯ ಹಿಂದೆ ಇಷ್ಟುದ್ದದ ನಂಬಿಕೆಯ ಸರಪಳಿ ಇತ್ತು. ಮುಂದೆ 1975ರಲ್ಲಿ ಪ್ರೇಮಾ ಪುರವ್ ಅವರು ಈ ಖಾನಾವಳಿ ಹೆಂಗಸರನ್ನೇ ಒಗ್ಗೂಡಿಸಿ 'ಅನ್ನಪೂರ್ಣಾ ಮಹಿಳಾ ಮಂಡಳ' ಕಟ್ಟಿದರು. ಸಾಲಗಾರರ ಕಾಟದಿಂದ ಅವರನ್ನು ಬಿಡಿಸಿ ಬ್ಯಾಂಕಿನ ಸಾಲ ಕೊಡಿಸುವುದು ಆ ಮಂಡಳದ ಮೊದಲ ಕೆಲಸಗಳಲ್ಲೊಂದು ಎಂಬುದನ್ನು ನೆನೆದರೆ, ಅನ್ನವಿಟ್ಟವಳೇ ಎಷ್ಟು ಸಾಲ ಹೊತ್ತಿದ್ದಳು ಎಂಬುದು ತಿಳಿಯುತ್ತದೆ.

ಪ್ಲೇಗು ಈ ಸರಪಳಿಯ ಕೊಂಡಿಯೊಂದನ್ನು ಮೊದಲಿಗೇ ಮುರಿಯಿತು. ರೋಗ ಕಾಣಿಸಿದ್ದು ಮಾಂಡವಿಯಲ್ಲಿ, ಮೊದಲು ಊರು ಬಿಟ್ಟವರಲ್ಲಿ ಅಲ್ಲಿನ ವ್ಯಾಪಾರಿಗಳಿದ್ದರು. ಬರದಿಂದ ಧಾನ್ಯದ ಬೆಲೆಯೂ ಏರಿತ್ತು. ಅಂಗಡಿಯವನು ಬಾಗಿಲು ಹಾಕಿದರೆ ಉದ್ರಿ ನಿಂತಿತು. ಉದ್ರಿ ನಿಂತರೆ ಖಾನಾವಳಿಯ ಒಲೆ ಆರಿತು. ನೆರೆಹೊರೆಯ ನೆರವಿನ ಬಗ್ಗೆ ಯೋಚಿಸುವಾಗ ಇದನ್ನು ಮುಖ್ಯವಾಗಿ ಗಮನಿಸಬೇಕು. ಒಬ್ಬನ ಕಾಲು ಮುರಿದರೆ, ಒಂದು ಗಿರಣಿ ಮುಚ್ಚಿದರೆ ನೆರೆಹೊರೆ ತಾಳಿಕೊಳ್ಳುತ್ತದೆ. ನೆರೆಹೊರೆಗೆಲ್ಲ ಒಟ್ಟಿಗೇ ಕಷ್ಟ ಬಂದಾಗ ಕೊಡುವ ಕೈ ಯಾವುದು, ಬೇಡುವ ಕೈ ಯಾವುದು?

ಕೊನೆಗೆ ಉಳಿಯುತ್ತಿದ್ದುದು ಬಡ್ಡಿ ಸಾಲ. 1921–22ರಲ್ಲಿ ಮುಂಬಯಿ ಸರ್ಕಾರದ ಕಾರ್ಮಿಕ ಕಚೇರಿ ಕೂಲಿಕಾರ ಕುಟುಂಬಗಳ ಆಯವ್ಯಯವನ್ನು ಲೆಕ್ಕ ಹಾಕಿದಾಗ, ನೂರಕ್ಕೆ 47 ಕುಟುಂಬಗಳು ಸಾಲದಲ್ಲಿದ್ದವು. ರೂಪಾಯಿಗೆ ತಿಂಗಳಿಗೆ ಒಂದಾಣೆ ಬಡ್ಡಿ ಸಾಮಾನ್ಯ ದರ. ವರ್ಷಕ್ಕೆ ನೂರಕ್ಕೆ 75 ಆಯಿತು. ಕೆಲಸ ಕೊಡಿಸುವ ಮುಕಾದಮನೇ ಸಾಲ ಕೊಡುವವನೂ ಆಗಿದ್ದರೆ, ಆ ಸಾಲ ತೀರುವವರೆಗೆ ಆಳು ಅವನ ಹಂಗಿನಲ್ಲಿ ಇರಬೇಕು. ನಗರದ ಬದುಕು ತಾಳಿಕೊಂಡಿದ್ದು ಈ ಹಂಗಿನ ಮೇಲೆ.

ಮೂರನೆಯ ಆಸರೆ: ಸಮುದಾಯದ ಆಸ್ಪತ್ರೆಗಳು

ಸರ್ಕಾರಿ ಆಸ್ಪತ್ರೆಯೆಂದರೆ ಜನರಿಗೆ ನಡುಕ. ಅಲ್ಲಿಗೆ ಹೋದವರು ಮರಳುವುದಿಲ್ಲ ಎಂಬ ಮಾತು ಹಬ್ಬಿತ್ತು. 1896ರ ಅಕ್ಟೋಬರ್ 29ರಂದು ಸುಮಾರು ಒಂದು ಸಾವಿರ ಗಿರಣಿ ಕೆಲಸಗಾರರು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ಕಲ್ಲು ತೂರಿ ನುಗ್ಗಿದರು. ಅದಾದ ಮೇಲೆ ಆಯಾ ಸಮುದಾಯದವರು ತಮ್ಮ ತಮ್ಮ ಆಸ್ಪತ್ರೆಗಳನ್ನು ತೆರೆಯಲು ಸರ್ಕಾರ ಅವಕಾಶ ಕೊಟ್ಟಿತು. ಪಾರ್ಸಿಗಳು, ಜೈನರು, ಭಾಟಿಯಾಗಳು, ಖೋಜಾಗಳು ಹೀಗೆ ಒಬ್ಬೊಬ್ಬರೂ ಚಂದಾ ಎತ್ತಿ ತಟ್ಟಿಯ ಚಪ್ಪರಗಳಲ್ಲಿ ಆಸ್ಪತ್ರೆ ನಡೆಸಿದರು. ಪುಣೆಯಲ್ಲಿ ಬಾಲಗಂಗಾಧರ ತಿಲಕರು ಹಿಂದೂ ಪ್ಲೇಗ್ ಆಸ್ಪತ್ರೆ ನಡೆಸಿದರು.

ಚಂದಾ ಎತ್ತುವಷ್ಟು ಶ್ರೀಮಂತರಿಲ್ಲದ ಸಮುದಾಯಗಳ ಗತಿ? ಇಲ್ಲಿ ಎರಡು ಹೆಸರುಗಳನ್ನು ನೆನೆಯಬೇಕು. ಒಬ್ಬರು ನಾರಾಯಣ ಮೇಘಾಜಿ ಲೋಖಂಡೆ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದಲ್ಲಿ ಬೆಳೆದವರು, 'ದೀನಬಂಧು' ಪತ್ರಿಕೆಯ ಸಂಪಾದಕರು. 1884ರಲ್ಲಿ ಮುಂಬಯಿ ಗಿರಣಿ ಕಾರ್ಮಿಕರ ಸಂಘವನ್ನು ಕಟ್ಟಿ, 1890ರ ಜೂನಿನಲ್ಲಿ ಭಾನುವಾರದ ರಜೆಯನ್ನು ದೊರಕಿಸಿಕೊಟ್ಟವರು. ಅವರ ಸಂಘಕ್ಕೆ ಸದಸ್ಯರ ಪಟ್ಟಿ ಇರಲಿಲ್ಲ, ನಿಯಮಾವಳಿ ಇರಲಿಲ್ಲ, ನಿಧಿಯೂ ಇರಲಿಲ್ಲ. ಪ್ಲೇಗು ಬಂದಾಗ ಕೆಲಸ ಹೋದವರಿಗೆ ಹಂಚಲು ಸಂಘದ ಪೆಟ್ಟಿಗೆಯಲ್ಲಿ ಕಾಸಿಲ್ಲ. ಲೋಖಂಡೆ ಬಡ ರೋಗಿಗಳಿಗಾಗಿ ಆಸ್ಪತ್ರೆ ತೆರೆಸಿ ಶುಶ್ರೂಷೆಗೆ ನಿಂತರು. ಅದೇ ರೋಗ ತಗುಲಿ 1897ರ ಫೆಬ್ರವರಿ 9ರಂದು ತೀರಿಕೊಂಡರು. ಇನ್ನೊಬ್ಬರು ಸಾವಿತ್ರಿಬಾಯಿ ಫುಲೆ. ಪುಣೆಯ ಹೊರವಲಯದಲ್ಲಿ ಮಗ ಯಶವಂತ ನಡೆಸುತ್ತಿದ್ದ ಚಿಕಿತ್ಸಾಲಯಕ್ಕೆ ರೋಗಿಗಳನ್ನು ಕರೆತರುತ್ತಿದ್ದ ಅವರು ಮಾರ್ಚ್ 10ರಂದು ಪ್ಲೇಗಿಗೆ ಬಲಿಯಾದರು. ನಿಧಿಯಿಲ್ಲದ ಜನರ ಪಾಲಿಗೆ ಇಂಥವರ ಜೀವವೇ ನಿಧಿಯಾಯಿತು ಎಂದರೆ ತಪ್ಪಾಗದು.

ಚೌಕಾಶಿಯ ಕಾಲ

ಈಗ ಮೊದಲಿಗೆ ಹೇಳಿದ ಹರಾಜಿಗೆ ಬರೋಣ. ಊರಿನ ದಾರಿ ತೆರೆದಿತ್ತು ಎಂಬುದೇ ಉಳಿದವರಿಗೆ ಬಲವಾಯಿತು. ಹಲವು ಗಿರಣಿಗಳಲ್ಲಿ ಯಂತ್ರ ನಡೆಸಲು ಸಾಕಷ್ಟು ಆಳಿರಲಿಲ್ಲ. ದಿನದ ಕೂಲಿ ದಿನವೇ ಬೇಕೆಂದು ಆಳುಗಳು ಹಟ ಹಿಡಿದರು, ಪಡೆದರು. ಕೂಲಿ ಏರಿಸಬಾರದೆಂದು ಮಾಲಿಕರು ತಮ್ಮೊಳಗೆ ಕಟ್ಟು ಮಾಡಿಕೊಳ್ಳಲು ಯತ್ನಿಸಿದರೂ ಆಳು ಬೇಕಾದವರು ಅದನ್ನು ಗುಟ್ಟಾಗಿ ಮುರಿದರು. ಕೆಲವು ಗಿರಣಿಗಳು ಆಳುಗಳನ್ನು ಉಳಿಸಿಕೊಳ್ಳಲು ಗುಡಿಸಲುಗಳನ್ನು ಕಟ್ಟಿಸಿದವು. ಮಲ ಬಾಚುವ, ಬೀದಿ ಗುಡಿಸುವ ಹಲಾಲಖೋರರು ಊರು ಬಿಟ್ಟರೆ ನಗರವೇ ಕೊಳೆತುಹೋಗುತ್ತದೆಂದು ಅಂಜಿ ಮುನಿಸಿಪಾಲಿಟಿ ತನ್ನ ಕಠಿಣ ಆಜ್ಞೆಗಳನ್ನು ಸಡಿಲಿಸಿತು. ಎಲ್ಲರಿಗಿಂತ ಕೀಳಾಗಿ ಕಂಡವರ ಕೆಲಸ ಎಲ್ಲಕ್ಕಿಂತ ಅಗತ್ಯದ್ದೆಂದು ಆಗ ಗೊತ್ತಾಯಿತು.

ಈ ಬಲ ಬಹುಕಾಲ ಉಳಿಯಲಿಲ್ಲ. ರೋಗದ ಅಬ್ಬರ ಇಳಿದು ಜನ ಮರಳಿದಂತೆ ದಿನಗೂಲಿ ನಿಂತು ಹಳೆಯ ತಿಂಗಳ ಬಾಕಿ ಪದ್ಧತಿ ಬಂತು. 1898ರಲ್ಲಿ ನಗರವನ್ನು ಸ್ವಚ್ಛಗೊಳಿಸಲೆಂದು ಸ್ಥಾಪನೆಯಾದ ಸುಧಾರಣಾ ಟ್ರಸ್ಟ್ ಅಗಲ ರಸ್ತೆಗಳನ್ನು ತೆರೆಯಲು ಬಡವರ ಮನೆಗಳನ್ನು ಕೆಡವಿತು. ಆರಂಭದ ವರ್ಷಗಳಲ್ಲಿ ಅದು ಕಟ್ಟಿದ್ದಕ್ಕಿಂತ ಕೆಡವಿದ್ದೇ ಹೆಚ್ಚು. ಕೆಲಸವಿಲ್ಲದಾಗ ಕೂಲಿಯವನಿಗೆ ಆಸರೆಯಾಗಿದ್ದ ಖೋಲಿಯನ್ನೇ ರೋಗ ನಿವಾರಣೆಯ ಹೆಸರಿನಲ್ಲಿ ಕಳೆದದ್ದಾಯಿತು.

ನಮ್ಮ ಕಡೆಯ ಕಥೆ

ಮುಂಬಯಿಯ ರೋಗ ರೈಲು ಹಿಡಿದು ನಮ್ಮ ನಾಡಿಗೂ ಬಂತು. ರೈಲ್ವೆ ಕಾರ್ಖಾನೆ, ಹತ್ತಿ ಗಿರಣಿಗಳಿದ್ದ ಹುಬ್ಬಳ್ಳಿಯನ್ನು ಅದು 1898ರಲ್ಲಿ ಬಲವಾಗಿ ತಟ್ಟಿತು. ಡಾ. ಹಾಫ್‌ಕಿನ್ ಮುಂಬಯಿಯಲ್ಲಿ ಸಿದ್ಧಪಡಿಸಿದ್ದ ಹೊಸ ಲಸಿಕೆಯನ್ನು ಹುಬ್ಬಳ್ಳಿಯ ಹೆಚ್ಚಿನ ಜನ ಹಾಕಿಸಿಕೊಂಡರು. ಅದೇ ವರ್ಷದ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬಂದವರ ಮೂಲಕ ಪ್ಲೇಗು ಬೆಂಗಳೂರು ಸೇರಿತು. ಪೇಟೆಯ ಇಕ್ಕಟ್ಟಾದ ಓಣಿಗಳು ಬರಿದಾದವು. ಮೈಸೂರು ಸಂಸ್ಥಾನ ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರನ್ನಾಗಿ ನೇಮಿಸಿತು. ಆಗಷ್ಟೇ ರೂಪುಗೊಳ್ಳುತ್ತಿದ್ದ ಬಸವನಗುಡಿ, ಮಲ್ಲೇಶ್ವರಗಳಿಗೆ ಈ ರೋಗವೇ ವೇಗ ಕೊಟ್ಟಿತು. 1891ರಲ್ಲಿ ದಂಡು ಪ್ರದೇಶವೂ ಸೇರಿ 1,80,366 ಇದ್ದ ಬೆಂಗಳೂರಿನ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿದಿತ್ತು. ಹೊಸ ಬಡಾವಣೆಯಲ್ಲಿ ನಿವೇಶನ ಕೊಳ್ಳಬಲ್ಲವರು ಅಲ್ಲಿ ಮನೆ ಕಟ್ಟಿದರು. ಉಳಿದವರ ಪಾಲಿಗೆ ಊರಾಚೆಯ ತಾತ್ಕಾಲಿಕ ಗುಡಿಸಲು, ಇಲ್ಲವೇ ಹಳ್ಳಿಯ ನೆಂಟರ ಜಗಲಿ. ಊರಲ್ಲಿ ಇಲಿ ಬಿದ್ದರೆ ಹೊಲಕ್ಕೆ ಹೋಗಿ ಗುಡಿಸಲು ಹಾಕುವುದು ಆಮೇಲಿನ ಹಲವು ವರ್ಷ ನಮ್ಮ ಹಳ್ಳಿಗಳ ಪರಿಪಾಠವಾಯಿತು.

ಈ ವರ್ಷಗಳಲ್ಲಿಯೇ ಎರಡು ಹೊಸ ಬಗೆಯ ಆಸರೆಗಳು ನಮ್ಮವರ ಕೈಯಲ್ಲಿ ರೂಪುಗೊಂಡವು. ಮುಂಬಯಿಯಲ್ಲಿ ಪ್ಲೇಗು ವರ್ಷ ವರ್ಷವೂ ಮರುಕಳಿಸುತ್ತಿದ್ದ ಕಾಲದಲ್ಲಿ, 1902ರಲ್ಲಿ, ಕರಾವಳಿಯಿಂದ ದುಡಿಯಲು ಹೋಗಿದ್ದ ಮೊಗವೀರರು ಅಲ್ಲಿ 'ಮೊಗವೀರ ವ್ಯವಸ್ಥಾಪಕ ಮಂಡಳಿ'ಯನ್ನು ಕಟ್ಟಿದರು. ಮುಂದೆ ಬಂಟರು, ಬಿಲ್ಲವರು ಮುಂತಾದವರೂ ಇಂಥ ಸಂಘಗಳನ್ನು ಕಟ್ಟಿ, ಹೋಟೆಲಿನಲ್ಲಿ ದುಡಿಯುವ ಹುಡುಗರಿಗೆ ರಾತ್ರಿ ಶಾಲೆ ನಡೆಸಿದ್ದುಂಟು. ಇನ್ನೊಂದು, ಬರ ಪ್ಲೇಗುಗಳ ದಶಕ ಕಳೆಯುವ ಹೊತ್ತಿಗೆ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಆರಂಭವಾದ ಸಹಕಾರಿ ಪತ್ತಿನ ಸಂಘ. ಊರವರದೇ ದುಡ್ಡು, ಬರೆದಿಟ್ಟ ನಿಯಮ, ಮಿತವಾದ ಬಡ್ಡಿ. ಲೋಖಂಡೆಯವರ ಸಂಘದಲ್ಲಿ ಇಲ್ಲದಿದ್ದ ಸದಸ್ಯರ ಪಟ್ಟಿ, ನಿಯಮಾವಳಿ, ನಿಧಿ ಈ ಮೂರೂ ಇಲ್ಲಿದ್ದವು.

1918ರ ಇನ್‌ಫ್ಲುಯೆನ್ಜಾ ಇಂಥ ಸಂಘಟನೆಗಳ ಪರೀಕ್ಷೆಗೆ ಬಂತು. ಅಕ್ಟೋಬರ್ 6ರ ಒಂದೇ ದಿನ ಮುಂಬಯಿಯಲ್ಲಿ 768 ಮಂದಿ ಸತ್ತರು. ಈ ಸಲ ಓಡಿಹೋಗಲು ಜಾಗವಿರಲಿಲ್ಲ. ಹಳ್ಳಿ ಪಟ್ಟಣ ಎರಡರಲ್ಲೂ ಒಟ್ಟಿಗೇ ರೋಗ. ಎನ್. ಎಂ. ಜೋಶಿಯವರು 1911ರಲ್ಲಿ ಕಟ್ಟಿದ್ದ ಸಮಾಜಸೇವಾ ಲೀಗಿನಂಥ ಸಂಸ್ಥೆಗಳು ಜಾತಿ ನೋಡದೆ ಚಾಳುಗಳಲ್ಲಿ ಔಷಧ ಹಂಚಿದವು. ಬೆಂಗಳೂರಿನಲ್ಲೂ ಸ್ವಯಂಸೇವಕರು ಮನೆ ಮನೆಗೆ ಔಷಧ, ಗಂಜಿ ಒಯ್ದರು. ಯುದ್ಧದ ಬೆಲೆಯೇರಿಕೆ, ರೋಗ ಎರಡರಿಂದಲೂ ಬಳಲಿದ ಮುಂಬಯಿಯ ಗಿರಣಿ ಕಾರ್ಮಿಕರು 1919ರ ಜನವರಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮುಷ್ಕರ ಹೂಡಿದರು. ಮರುವರ್ಷ ಅಖಿಲ ಭಾರತ ಕಾರ್ಮಿಕ ಸಂಘಟನೆ ಎ.ಐ.ಟಿ.ಯು.ಸಿ. ಹುಟ್ಟಿತು.

ದಾರಿ ಮುಚ್ಚಿದಾಗ

ನೂರಿಪ್ಪತ್ತಮೂರು ವರ್ಷಗಳ ಅನಂತರ, 2020ರ ಮಾರ್ಚ್ 11ರಂದು, ಕರ್ನಾಟಕ ಸರ್ಕಾರ ಅದೇ 1897ರ ಕಾಯ್ದೆಯ ಕೆಳಗೆ ಕೋವಿಡ್ ನಿಯಮಗಳನ್ನು ಹೊರಡಿಸಿತು. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿತು. ಕೆಲಸ ಒಂದೇ ರಾತ್ರಿಯಲ್ಲಿ ನಿಂತಿತು. ಅದರ ಜೊತೆಗೆ ಬಸ್ಸು, ರೈಲು ಕೂಡ. 1897ರ ಕೂಲಿಯವನಿಗೆ ಎಲ್ಲಕ್ಕಿಂತ ಹೆಚ್ಚು ಒದಗಿದ್ದ ಊರಿನ ದಾರಿಯೇ ಈ ಸಲ ಮುಚ್ಚಿಹೋಯಿತು. ಜನ ನಡೆದರು. ಮೇ 8ರಂದು ಔರಂಗಾಬಾದಿನ ಬಳಿ ಹಳಿಯ ಮೇಲೆ ಮಲಗಿದ್ದ 16 ಮಂದಿ ಕಾರ್ಮಿಕರ ಮೇಲೆ ಗೂಡ್ಸು ರೈಲು ಹರಿಯಿತು.

ಮೇ 1ರಿಂದ ಶ್ರಮಿಕ್ ರೈಲುಗಳು ಓಡತೊಡಗಿದವು. ಬೆಂಗಳೂರಿನಲ್ಲಿ ಊರಿಗೆ ಹೊರಟವರಿಂದ ಮೊದಲು ಎರಡು ಪಟ್ಟು ಬಸ್ ದರ ಕೇಳಿದ್ದೂ, ಟೀಕೆ ಬಂದ ಮೇಲೆ ಉಚಿತ ಪ್ರಯಾಣ ಘೋಷಿಸಿದ್ದೂ ನೆನಪಿರಬಹುದು. ಅದೇ ವಾರ ಹೊರರಾಜ್ಯದ ಕಾರ್ಮಿಕರ ರೈಲುಗಳನ್ನು ರದ್ದುಪಡಿಸುವಂತೆ ರಾಜ್ಯ ಸರ್ಕಾರ ರೈಲ್ವೆಗೆ ಬರೆದು, ವಿರೋಧ ಬಂದ ಮೇಲೆ ಹಿಂತೆಗೆದುಕೊಂಡಿತು. ಕಟ್ಟಡ ಕೆಲಸಕ್ಕೆ ಆಳು ಬೇಕಿತ್ತು. 1897ರಲ್ಲಿ ಆಳು ಬೇಕಾದ ಮಾಲಿಕ ಕೂಲಿ ಏರಿಸಿದ್ದ. 2020ರಲ್ಲಿ ರೈಲು ನಿಲ್ಲಿಸುವ ಆಲೋಚನೆ ಬಂತು.

ಸಿಕ್ಕಿಬಿದ್ದವರಿಗಾಗಿ ಹುಟ್ಟಿಕೊಂಡ 'ಸ್ವಾನ್' ಎಂಬ ಸ್ವಯಂಸೇವಕರ ಜಾಲವನ್ನು ಏಪ್ರಿಲ್ ನಡುವಿನ ಹೊತ್ತಿಗೆ 11,159 ಕಾರ್ಮಿಕರು ಸಂಪರ್ಕಿಸಿದ್ದರು. ಅವರಲ್ಲಿ ನೂರಕ್ಕೆ 96 ಮಂದಿಗೆ ಸರ್ಕಾರದ ಪಡಿತರ ಸಿಕ್ಕಿರಲಿಲ್ಲ. ಅರ್ಧದಷ್ಟು ಜನರ ಬಳಿ ಒಂದು ದಿನಕ್ಕೂ ಸಾಲದಷ್ಟು ದಿನಸಿ. ಗುರುದ್ವಾರ, ಮಸೀದಿ, ಮಠ, ಯುವಕ ಸಂಘಗಳು ಅನ್ನ ಹಂಚಿದವು. ಲಾಕ್‌ಡೌನ್ ಕಾಲದ ಕೂಲಿ ಕೊಡಬೇಕೆಂದು ಮಾರ್ಚ್ 29ರಂದು ಕೇಂದ್ರ ಹೊರಡಿಸಿದ್ದ ಆಜ್ಞೆ ಮೇ 18ರ ಹೊತ್ತಿಗೆ ಬಿದ್ದುಹೋಯಿತು. ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ನೆರವು ಪ್ರಕಟಿಸಿ ಅಗಸರಿಗೆ, ಕ್ಷೌರಿಕರಿಗೆ, ಆಟೋ ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಘೋಷಿಸಿತು. ಕಟ್ಟಡ ಕಾರ್ಮಿಕರಿಗೆ ಅವರ ಕಲ್ಯಾಣ ನಿಧಿಯಿಂದ ನೆರವು ಬಂತು, ಹೆಸರು ನೋಂದಾಯಿಸಿದ್ದವರಿಗೆ. ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಗುಳೆ ಹೋಗಿ ಹಿಂದಿರುಗಿದವರನ್ನು ಕೈಹಿಡಿದದ್ದು ಉದ್ಯೋಗ ಖಾತರಿ. ದೇಶದಲ್ಲಿ 2020–21ರ ಒಂದೇ ವರ್ಷ ಆ ಯೋಜನೆಯಡಿ ಸುಮಾರು 389 ಕೋಟಿ ಮಾನವ ದಿನಗಳ ಕೆಲಸ ನಡೆಯಿತು. ಬರದ ಸಂಹಿತೆಯ ಕಾಮಗಾರಿಯ ನೆನಪು ತರುವ ಆ ಯೋಜನೆಯಲ್ಲಿ ಕೆಲಸ ಕೇಳುವುದು ಕೂಲಿಯವನ ಹಕ್ಕು ಎಂದಿತ್ತು. ಸಂಹಿತೆಗೂ ಅದಕ್ಕೂ ಇದ್ದ ದೊಡ್ಡ ಅಂತರ ಅದು.

ಇಷ್ಟು ಚರಿತ್ರೆಯಿಂದ ಏನು ತಿಳಿಯಬಹುದು? ಸಮುದಾಯದ ಆಸರೆ ಎಂಬುದನ್ನು ನಾವು ಕೊಂಡಾಡುತ್ತೇವೆ, ಕೊಂಡಾಡಬೇಕಾದದ್ದೇ. ಆದರೆ ಅದರ ಖರ್ಚು ಯಾರ ಹೆಸರಿಗೆ ಬರೆದಿದೆ ಎಂದೂ ನೋಡಬೇಕು. ಊರಿನ ತುಂಡು ಹೊಲಕ್ಕೆ ಕಂತು ಕಟ್ಟಿದವನು ಕೂಲಿಯವನೇ. ಖೋಲಿಯ ಬಾಡಿಗೆಯಲ್ಲಿ ಗೆಳೆಯನ ಪಾಲು ಹೊತ್ತವನೂ ಅವನೇ. ಖಾನಾವಳಿಯವಳ ಸಾಲ ಬೆಳೆದದ್ದು ಅವನಿಗೆ ಬಡಿಸಿ. ಬಡವರು ಬಡವರನ್ನು ಪೊರೆದ ಈ ವ್ಯವಸ್ಥೆಯಲ್ಲಿ, ಸರ್ಕಾರವೂ ಮಾಲಿಕನೂ ತಮ್ಮ ಪಾಲನ್ನು ಉಳಿಸಿಕೊಂಡರು. 2020ರಲ್ಲಿ ನೆರವು ತಲುಪಿದವರು ಹೆಚ್ಚಾಗಿ ಯಾವುದಾದರೊಂದು ಪಟ್ಟಿಯಲ್ಲಿ ಹೆಸರಿದ್ದವರು: ಪಡಿತರ ಚೀಟಿ, ಕಾರ್ಮಿಕ ಕಾರ್ಡು, ಚಾಲನಾ ಪರವಾನಗಿ, ಸಹಕಾರಿ ಸಂಘದ ಸದಸ್ಯತ್ವ. ಆ ಪಟ್ಟಿಗಳು ತಯಾರಾಗಬೇಕಾದದ್ದು ರೋಗವಿಲ್ಲದ ದಿನಗಳಲ್ಲಿ. ಜ್ವರ ಬಂದ ಮೇಲೆ ಅದಕ್ಕೆ ಪುರುಸೊತ್ತಿರುವುದಿಲ್ಲ.

2020ರಲ್ಲಿ ಕರ್ನಾಟಕ ಸಾಂಕ್ರಾಮಿಕ ರೋಗಗಳಿಗೆ ತನ್ನದೇ ಕಾಯ್ದೆ ಮಾಡಿಕೊಂಡಿತು. ಮುಂದೆ ಯಾವಾಗಲಾದರೂ ಅಂಥ ಕಾನೂನನ್ನು ತಿದ್ದುವವರು 1897ರ ಆ ಕಂಸವನ್ನೊಮ್ಮೆ ಓದಿ ನೋಡಬೇಕು. ಮನೆಯಲ್ಲೇ ಇರು ಎಂದು ಆಜ್ಞೆ ಮಾಡುವ ಕಲಮಿನ ಪಕ್ಕದಲ್ಲಿಯೇ, ಮನೆಯಲ್ಲಿದ್ದವನು ಏನು ಉಣ್ಣಬೇಕು ಎಂಬುದಕ್ಕೂ ಒಂದು ಕಲಮು ಇರಲಿ. 'ಇದ್ದರೆ' ಎಂಬ ಮಾತು ಅದರಲ್ಲಿ ಬೇಡ.